ಮಷೀನ್ ಆನ್ ಮಾಡಲು ಇನ್ನು ನನ್ನನ್ನು ಕೇಳಬೇಕಾಗಿಲ್ಲ

ನಮ್ಮ ಮನೆಯ ಉಪ್ಪರಿಗೆಯಲ್ಲಿರುವ ಸರ್ವರ್ ಈಗ ನನ್ನೊಬ್ಬಳದಾಗಿ ಉಳಿದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ತಮ್ಮ, ಅದೇ ಊರಿನಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, ಕೊಪ್ಪದ ಕಡೆ ಶಿಕ್ಷಕಿಯಾಗಿರುವ ಗೆಳತಿ, ಈ ಮೂವರೂ ತಮ್ಮ ತಮ್ಮ ವರ್ಚುವಲ್ ಮಷೀನುಗಳನ್ನು (ಒಂದೇ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರುಗಳು) ಇದ್ದಲ್ಲಿಂದಲೇ ಚಾಲು ಮಾಡಿಕೊಳ್ಳುತ್ತಾರೆ, ಕೆಲಸ ಮುಗಿದ ಮೇಲೆ ಆರಿಸುತ್ತಾರೆ. ನನಗೆ ಒಂದು ಮಾತು ಹೇಳಬೇಕಾದ ಅಗತ್ಯವೂ ಅವರಿಗಿಲ್ಲ. ಈ ವ್ಯವಸ್ಥೆಯನ್ನು ಕಟ್ಟಿದ್ದು ನನಗೆ ಬಹಳ ಖುಷಿ ಕೊಟ್ಟ ಕೆಲಸ. ಮಲೆನಾಡಿನ ಮಳೆ, ಕರೆಂಟು, ಇಂಟರ್ನೆಟ್ ಮೂರನ್ನೂ ಸಂಭಾಳಿಸಿಕೊಂಡು ಇಂಥದ್ದನ್ನು ಮಾಡಬೇಕೆಂದಿರುವವರು ಇನ್ನೂ ಇರಬಹುದು ಎಂದು ವಿವರವಾಗಿ ಬರೆಯುತ್ತಿದ್ದೇನೆ.

ನಾವಿರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ನಡುವೆ. ನನ್ನ ಕೆಲಸವೇ ಸರ್ವರ್ ನೋಡಿಕೊಳ್ಳುವುದು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುತ್ತೇನೆ. ಉಪ್ಪರಿಗೆಯಲ್ಲಿರುವುದು ಯಾವುದೋ ಆಫೀಸು ಹಳತೆಂದು ಮಾರಿದ ಡೆಸ್ಕ್‌ಟಾಪ್ ಕಂಪ್ಯೂಟರ್. ಆರು ಕೋರ್, 32 ಜಿಬಿ ರ‍್ಯಾಮ್, ಎರಡು ಡಿಸ್ಕ್. ಅದರ ಮೇಲೆ ವರ್ಚುವಲ್ ಮಷೀನುಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿದ್ದೇನೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ, ಇಂಥ ಮಷೀನುಗಳನ್ನು ನಡೆಸುವ ಕೆವಿಎಂ ಎಂಬ ಭಾಗ ಸೇರಿದ್ದು 2007ರಲ್ಲಿ. ಅದನ್ನು ಆಧರಿಸಿದ ಪ್ರಾಕ್ಸ್‌ಮಾಕ್ಸ್‌ನ ಮೊದಲ ಆವೃತ್ತಿ ಮರುವರ್ಷ ಬಂತು. ಅಡಿಪಾಯ ಡೆಬಿಯನ್ ಎಂಬ ಲಿನಕ್ಸ್ ಆದ್ದರಿಂದ ನನ್ನಂಥವರಿಗೆ ಕೈಗೆ ಒಗ್ಗಿದ ಸಾಮಾನು.

ಎಲ್ಲ ಮಷೀನುಗಳನ್ನೂ ಸದಾ ಚಾಲೂ ಇಟ್ಟುಬಿಟ್ಟರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಕೇಳಬಹುದು. ರ‍್ಯಾಮ್ ಸಾಲುವುದಿಲ್ಲ. ಅಕ್ಕನ ಮಗ ಕುಬರ್‌ನೆಟಿಸ್ (ಹಲವು ಮಷೀನುಗಳಲ್ಲಿ ತಂತ್ರಾಂಶಗಳನ್ನು ಹಂಚಿ ನಡೆಸುವ ವ್ಯವಸ್ಥೆ) ಕಲಿಯಲು ಮೂರು ಮಷೀನುಗಳ ಗುಂಪು ಇಟ್ಟುಕೊಂಡಿದ್ದಾನೆ, ಒಂದೊಂದಕ್ಕೆ 4 ಜಿಬಿ. ಗೆಳತಿಯ ಮೂಡಲ್ ಎಂಬ ಆನ್‌ಲೈನ್ ಪಾಠದ ತಂತ್ರಾಂಶಕ್ಕೆ 4 ಜಿಬಿ. ನನ್ನ ಕೆಲಸದ ಪರೀಕ್ಷಾ ಮಷೀನಿಗೆ 8 ಜಿಬಿ. ಮನೆಯ ಫೋಟೋ, ಬ್ಯಾಕಪ್, ಡಿಎನ್‌ಎಸ್ ಎಂದು ಸದಾ ನಡೆಯಲೇಬೇಕಾದವು ಬೇರೆ. ಇವೆಲ್ಲದರ ಮೇಲೆ ಡಿಸ್ಕ್ ನೋಡಿಕೊಳ್ಳುವ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ತನ್ನ ಕ್ಯಾಷ್‌ಗೆಂದು ಒಂದು ಪಾಲು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಆಷಾಢದಲ್ಲಿ ಯುಪಿಎಸ್ ಬ್ಯಾಟರಿಯ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಯಾರೂ ಬಳಸದ ಮಷೀನು ಅದನ್ನು ತಿನ್ನುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಬೇಕಾದಾಗ ಆನ್, ಬೇಡವಾದಾಗ ಆಫ್.

ಮೊದಲು ಆ ಆನ್ ಮಾಡುವ ಕೆಲಸ ನನ್ನದಾಗಿತ್ತು. “ಅಕ್ಕಾ, ಬಿಡುವಿದ್ದರೆ ಆ ನುಡಿ ಮಷೀನ್ ಸ್ವಲ್ಪ ಆನ್ ಮಾಡುತ್ತೀಯಾ?” ಎಂದು ತಮ್ಮ ಫೋನ್ ಮಾಡುತ್ತಿದ್ದ. ನಾನು ಮೀಟಿಂಗಿನಲ್ಲಿದ್ದರೆ ಅವನ ಗಿರಾಕಿ ಅಂಗಡಿಯ ಮುಂದೆ ಕಾಯಬೇಕು. ಆದರೆ ನನ್ನ ಮನಸ್ಸಿಗೆ ನಾಟಿದ್ದು ಅಕ್ಕನ ಮಗನ ಮಾತು. ರಜೆಗೆ ಮನೆಗೆ ಬಂದಿದ್ದಾಗ ಅಭ್ಯಾಸ ಎಲ್ಲಿಯವರೆಗೆ ಬಂತು ಎಂದು ಕೇಳಿದೆ. “ರಾತ್ರಿ ಹನ್ನೊಂದರ ಮೇಲೆಯೇ ನನಗೆ ಓದಲು ಆಗುವುದು ಚಿಕ್ಕಮ್ಮ. ಆ ಹೊತ್ತಿನಲ್ಲಿ ನಿಮ್ಮನ್ನು ಎಬ್ಬಿಸುವುದು ಹೇಗೆ ಎಂದು ಬಿಟ್ಟುಬಿಟ್ಟೆ” ಎಂದ. ಒಂದು ಹುಡುಗನ ಕಲಿಕೆ ನನ್ನ ನಿದ್ದೆಯ ಹೊತ್ತಿಗೆ ಕಟ್ಟುಬಿದ್ದಿತ್ತು. ಬಾಯಿಬಿಟ್ಟು ಕೇಳುವುದಕ್ಕೆ ಸಂಕೋಚಪಡುವವರು ಕೇಳುವುದೇ ಇಲ್ಲ, ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಕೊಡುವವರಿಗೆ ಗೊತ್ತಾಗುವುದೂ ಇಲ್ಲ. ಬೇರೆಯವರಿಗೆಂದು ಮಷೀನ್ ಮಾಡಿಕೊಟ್ಟ ಮೇಲೆ ಅದರ ಸ್ವಿಚ್ಚೂ ಅವರ ಕೈಯಲ್ಲೇ ಇರಬೇಕು ಎಂದು ಅಂದೇ ನಿಶ್ಚಯಿಸಿದೆ.

ತಮ್ಮನ ನುಡಿ ಮಷೀನಿನ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಈ ಸರ್ವರ್‌ನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ಕಾಣುವುದು ಅದೇ. ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದದ್ದು ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ. ಅವು ಎಲ್ಲ ಕಂಪ್ಯೂಟರುಗಳೂ ಒಪ್ಪುವ ಯುನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಸೇರಿದವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ ಫಾಂಟುಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ ನಿಜ, ಆದರೆ ಪುಟವಿನ್ಯಾಸ ಅದರ ಜೊತೆ ಬರುವುದಿಲ್ಲ. ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆ, ಸಹಕಾರ ಸಂಘದ ಹಳೆಯ ವಾರ್ಷಿಕ ವರದಿ, ತೀರಿಹೋದ ಹಿರಿಯರು ಕೈಬರಹದಲ್ಲಿ ಕೊಟ್ಟು ಟೈಪ್ ಮಾಡಿಸಿದ ವಂಶಾವಳಿ, ಇಂಥವನ್ನು ಹುಡುಕಿಕೊಂಡು ಜನ ಇಂದಿಗೂ ಅವನ ಅಂಗಡಿಗೆ ಬರುತ್ತಾರೆ. ಅಂಗಡಿಯ ಹಳೆಯ ಕಂಪ್ಯೂಟರ್ ಕೆಡುವ ಮುಂಚೆಯೇ ಅದರ ಡಿಸ್ಕನ್ನು ಇಡಿಯಾಗಿ ನಕಲು ಮಾಡಿ ವರ್ಚುವಲ್ ಮಷೀನಾಗಿ ಎಬ್ಬಿಸಿದೆ. ಒಳಗಿರುವುದು ವಿಂಡೋಸ್ ಎಕ್ಸ್‌ಪಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಅದನ್ನು ಇಂಟರ್ನೆಟ್ಟಿಗೆ ಬಿಡುವ ಮಾತೇ ಇಲ್ಲ. ಹೊರಗಿನ ಯಾವ ಕೇಬಲ್ಲಿಗೂ ಸೇರದ, ಸರ್ವರ್‌ನ ಒಳಗಷ್ಟೇ ಇರುವ ಒಂದು ನೆಟ್‌ವರ್ಕ್ ಬ್ರಿಡ್ಜ್ ಮಾಡಿ ಅದಕ್ಕೆ ಎಕ್ಸ್‌ಪಿಯನ್ನು ಸೇರಿಸಿದೆ. ಆ ಬ್ರಿಡ್ಜಿನಲ್ಲಿ ಅದಕ್ಕಿರುವ ಏಕೈಕ ನೆರೆ ಒಂದು ಪುಟ್ಟ ಕಂಟೇನರ್, ಎಂದರೆ ಹಗುರವಾದ ವರ್ಚುವಲ್ ಮಷೀನಿನಂಥದ್ದು. ಕಡತಗಳು ಎಫ್‌ಟಿಪಿ ಎಂಬ ಕಡತ ಸಾಗಣೆಯ ವಿಧಾನದ ಮೂಲಕ ಅಲ್ಲಿಗೆ ಬರುತ್ತವೆ, ಕಂಟೇನರಿನ ಇನ್ನೊಂದು ಬದಿಯಿಂದ ತಮ್ಮ ತೆಗೆದುಕೊಳ್ಳುತ್ತಾನೆ. ಎಕ್ಸ್‌ಪಿಯ ಪರದೆಯನ್ನು ಅವನು ನೋಡುವುದು ಪ್ರಾಕ್ಸ್‌ಮಾಕ್ಸ್‌ನ ಕನ್ಸೋಲಿನಲ್ಲಿ, ಬ್ರೌಸರ್ ಒಳಗೆ. ಕನ್ಸೋಲಿನ ದೊಡ್ಡ ಅನುಕೂಲ ಇದೇ: ಒಳಗಿನ ಮಷೀನಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಪರದೆ, ಕೀಬೋರ್ಡ್, ಮೌಸ್ ಕೆಲಸ ಮಾಡುತ್ತವೆ.

ಇನ್ನು ಅನುಮತಿಯ ವಿಷಯ. ರೂಟ್ ಪಾಸ್‌ವರ್ಡ್, ಎಂದರೆ ಇಡೀ ಸರ್ವರ್‌ನ ಮೇಲೆ ಪೂರ್ಣಾಧಿಕಾರ ಕೊಡುವ ಪಾಸ್‌ವರ್ಡ್, ಹಂಚುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಎಷ್ಟೇ ಹತ್ತಿರದವರಾದರೂ ಅವರಿಗೆ ಬೇಡದ ಅಧಿಕಾರವನ್ನು ಅವರ ಮೇಲೆ ಹೊರಿಸಬಾರದು. ನಾಳೆ ಏನಾದರೂ ಕೆಟ್ಟರೆ ತನ್ನಿಂದಲೇ ಕೆಟ್ಟಿತೇ ಎಂಬ ಅಳುಕು ಅವರನ್ನು ಕಾಡುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಅನುಮತಿಗೆ ಮೂರು ಅಂಗಗಳು: ಯಾರು, ಯಾವುದರ ಮೇಲೆ, ಏನು ಮಾಡಬಹುದು. ‘ಯಾರು’ ಎಂಬಲ್ಲಿ ಲಿನಕ್ಸ್‌ನ ಖಾತೆ ತೆರೆಯದೆ, ಪ್ರಾಕ್ಸ್‌ಮಾಕ್ಸ್ ತಾನೇ ಇಟ್ಟುಕೊಳ್ಳುವ ಬಳಕೆದಾರರ ಪಟ್ಟಿಯಲ್ಲಿ ಖಾತೆ ತೆರೆದೆ. ಇದರಿಂದ ಸರ್ವರ್‌ಗೆ ನೇರ ಆಜ್ಞೆ ಕೊಡುವ ಶೆಲ್‌ಗೆ ಅವರು ಕಾಲಿಡುವ ದಾರಿಯೇ ಇರುವುದಿಲ್ಲ. ‘ಯಾವುದರ ಮೇಲೆ’ ಎಂಬುದಕ್ಕೆ ಪೂಲ್, ಎಂದರೆ ಮಷೀನುಗಳ ಗುಂಪು, ಒಳ್ಳೆಯ ಉಪಾಯ. ಅಕ್ಕನ ಮಗನ ಮೂರು ಮಷೀನುಗಳನ್ನು ಒಂದು ಪೂಲ್‌ಗೆ ಹಾಕಿ, ಅನುಮತಿಯನ್ನು ಆ ಪೂಲ್‌ಗೆ ಕೊಟ್ಟರೆ ನಾಳೆ ನಾಲ್ಕನೆಯದು ಸೇರಿದರೂ ಮತ್ತೆ ಬರೆಯುವ ಕೆಲಸವಿಲ್ಲ.

‘ಏನು ಮಾಡಬಹುದು’ ಎಂಬುದರಲ್ಲಿ ಸ್ವಲ್ಪ ಎಚ್ಚರ ಬೇಕು. ಸಾಮಾನ್ಯ ಬಳಕೆದಾರರಿಗೆಂದು ಪ್ರಾಕ್ಸ್‌ಮಾಕ್ಸ್‌ನಲ್ಲೇ ಒಂದು ಸಿದ್ಧ ರೋಲ್ (ಅಧಿಕಾರಗಳ ಕಟ್ಟು) ಇದೆ. ಅದರಲ್ಲಿ ಆನ್-ಆಫ್ ಮತ್ತು ಕನ್ಸೋಲ್ ಜೊತೆಗೆ ಬ್ಯಾಕಪ್ ತೆಗೆಯುವ, ಸಿಡಿ ಬದಲಿಸುವ ಅಧಿಕಾರಗಳೂ ಸೇರಿವೆ. ನನ್ನ ಡಿಸ್ಕ್ ಚಿಕ್ಕದು, ಮನಸ್ಸಿಗೆ ಬಂದಾಗ ಬ್ಯಾಕಪ್ ತೆಗೆದರೆ ತುಂಬಿಹೋಗುತ್ತದೆ. ಆದ್ದರಿಂದ ನನ್ನದೇ ಒಂದು ರೋಲ್ ಮಾಡಿ ಮೂರನ್ನಷ್ಟೇ ಇಟ್ಟೆ: ಸ್ಥಿತಿ ನೋಡುವುದು, ಕನ್ಸೋಲ್ ತೆರೆಯುವುದು, ಪವರ್ ನಿರ್ವಹಣೆ. ಆನ್ ಮಾಡುವ ಅಧಿಕಾರವನ್ನು ಆಫ್ ಮಾಡುವುದರಿಂದ ಬಿಡಿಸಿ ಕೊಡಲು ಇಲ್ಲಿ ಬರುವುದಿಲ್ಲ. ಸ್ಟಾರ್ಟ್, ಶಟ್‌ಡೌನ್, ಸ್ಟಾಪ್, ರೀಸೆಟ್ ಎಲ್ಲವೂ ಪವರ್ ನಿರ್ವಹಣೆ ಎಂಬ ಒಂದೇ ಗಂಟಿನಲ್ಲಿವೆ. ಶಟ್‌ಡೌನ್ ಎಂದರೆ ಒಳಗಿನ ವ್ಯವಸ್ಥೆಗೆ ಮುಗಿಸಿಕೊಳ್ಳಲು ಸೂಚನೆ ಹೋಗುತ್ತದೆ. ಸ್ಟಾಪ್ ಎಂದರೆ ಪ್ಲಗ್ ಕಿತ್ತ ಹಾಗೆ. ಈ ವ್ಯತ್ಯಾಸವನ್ನು ಮೂವರಿಗೂ ಕೂರಿಸಿಕೊಂಡು ತೋರಿಸಿದ್ದೇನೆ.

ಹೊರಗಿನಿಂದ ಒಳಗೆ ಬರುವ ದಾರಿ ಮಾಡುವುದು ಇದಕ್ಕಿಂತ ಕಷ್ಟದ್ದಾಗಿತ್ತು. ನಮ್ಮಲ್ಲಿಗೆ ಫೈಬರ್ ಬಂದಿದೆ, ವೇಗಕ್ಕೆ ಕೊರತೆಯಿಲ್ಲ. ಆದರೆ ರೌಟರಿಗೆ ಸಿಗುವ ವಿಳಾಸ 100.64ರಿಂದ ಶುರುವಾಗುವ ವರ್ಗದ್ದು. ಎಂದರೆ ಎಷ್ಟೋ ಮನೆಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದಿವೆ. ಹೊರಗಿನಿಂದ ಯಾರೂ ನೇರವಾಗಿ ನನ್ನ ರೌಟರಿನ ಬಾಗಿಲು ತಟ್ಟಲಾಗದು. ನಿಮ್ಮ ಮನೆಯಲ್ಲೂ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಒಳಗಿನ ಕಂಪ್ಯೂಟರಿಗೆ ತಿರುಗಿಸುವುದು) ಮಾಡಿದ್ದು ಕೆಲಸ ಮಾಡದಿದ್ದರೆ ಮೊದಲು ಈ ವಿಳಾಸ ನೋಡಿ, ವೃಥಾ ತಲೆಕೆಡಿಸಿಕೊಳ್ಳಬೇಡಿ. ಸಾರ್ವಜನಿಕ ವಿಳಾಸ ಇದ್ದಿದ್ದರೂ ಪ್ರಾಕ್ಸ್‌ಮಾಕ್ಸ್‌ನ 8006ನೆಯ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡುವುದನ್ನು ನಾನು ಒಪ್ಪುತ್ತಿರಲಿಲ್ಲ.

ಹೊರಗೆ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದು ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯ ಖಾಸಗಿ ಸುರಂಗ) ಕಟ್ಟಿದೆ. ಮನೆಯ ಸರ್ವರ್ ತಾನಾಗಿ ಹೊರಗಿನ ಸರ್ವರ್‌ಗೆ ಸುರಂಗ ತೆರೆದು, 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳುಹಿಸಿ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೂವರೂ ಆ ಹೊರಗಿನ ಸರ್ವರ್ ಮೂಲಕ ಒಳಬರುತ್ತಾರೆ. ವೈರ್‌ಗಾರ್ಡ್ 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ, ಸಂರಚನೆಯ ಕಡತ ಒಂದು ಪುಟ ದಾಟುವುದಿಲ್ಲ. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಬಾಗಿಲಿದೆ ಎಂಬ ಸುಳಿವೂ ಸಿಗುವುದಿಲ್ಲ. ಪ್ರತಿಯೊಂದು ಫೋನಿಗೂ ಲ್ಯಾಪ್‌ಟಾಪಿಗೂ ಅದರದೇ ಕೀ, ಅದರದೇ ಒಳವಿಳಾಸ. ತಮ್ಮನಿಗೆ ಟೈಪ್ ಮಾಡುವ ಶ್ರಮವನ್ನೂ ಕೊಡಲಿಲ್ಲ. ಸಂರಚನೆಯನ್ನು ಕ್ಯೂಆರ್ ಕೋಡ್ ಮಾಡಿ ಪರದೆಯ ಮೇಲೆ ತೋರಿಸಿದೆ, ಅವನು ಫೋನ್ ಹಿಡಿದ, ಮುಗಿಯಿತು. ಮನೆಯ ಕಡೆಯ ಫೈರ್‌ವಾಲ್‌ನಲ್ಲಿ ಅವನ ವಿಳಾಸ ಎಲ್ಲೆಲ್ಲಿ ಮುಟ್ಟಬಹುದು ಎಂದು ಬರೆದಿದೆ. ನಮ್ಮ ಮನೆಯ ಪ್ರಿಂಟರೂ ಕ್ಯಾಮೆರಾವೂ ಆ ಪಟ್ಟಿಯಲ್ಲಿಲ್ಲ.

ಅಕ್ಕನ ಮಗನಿಗೆ ಪ್ರಾಕ್ಸ್‌ಮಾಕ್ಸ್‌ನ ಪೂರ್ಣ ಪರದೆಯೇ ಇಷ್ಟ, ಅದೂ ಅವನಿಗೆ ಕಲಿಕೆ. ತಮ್ಮನಿಗೂ ಗೆಳತಿಗೂ ಅದು ಫೋನಿನಲ್ಲಿ ಕಿರಿಕಿರಿ. ಅವರಿಬ್ಬರಿಗೆ ಒಂದು ಪುಟ ಬರೆದೆ: ಮಷೀನಿನ ಹೆಸರು, ಅದು ಚಾಲೂ ಇದೆಯೋ ಇಲ್ಲವೋ, ಕೆಳಗೆ ‘ಚಾಲು ಮಾಡಿ’ ಎಂಬ ಒಂದು ಗುಂಡಿ. ಪುಟದ ಹಿಂದೆ ಪ್ರಾಕ್ಸ್‌ಮಾಕ್ಸ್‌ನ ಎಪಿಐ, ಎಂದರೆ ಬೇರೆ ಪ್ರೋಗ್ರಾಂಗಳು ಅದಕ್ಕೆ ಆಜ್ಞೆ ಕೊಡುವ ದಾರಿ. ಒಬ್ಬೊಬ್ಬರ ಖಾತೆಯಡಿ ಒಂದೊಂದು ಟೋಕನ್ (ಪಾಸ್‌ವರ್ಡಿನ ಬದಲು ಬಳಸುವ ಗುಪ್ತ ಕೀಲಿ), ಆ ಟೋಕನ್ನಿಗೆ ಅವರವರ ಮಷೀನಿನ ಸ್ಥಿತಿ ಮತ್ತು ಪವರ್ ಮಾತ್ರ. ಟೋಕನ್ ಇರುವುದು ಸರ್ವರ್‌ನಲ್ಲಿ, ಫೋನು ಕಳೆದುಹೋದರೆ ಅದು ಪರರ ಕೈಸೇರುವುದಿಲ್ಲ. ಇಂಥದ್ದನ್ನು ಬರೆಯುವವರು ಒಂದು ಅಂಶ ಗಮನಿಸಬೇಕು: ಸ್ಟಾರ್ಟ್ ಎಂದು ಕೇಳಿದ ತಕ್ಷಣ ಎಪಿಐ ಕೊಡುವುದು ಕೆಲಸದ ಗುರುತಿನ ಸಂಖ್ಯೆಯನ್ನು ಮಾತ್ರ. ಮಷೀನ್ ಎದ್ದಿತೋ ಇಲ್ಲವೋ ಎಂಬುದು ಆ ಸಂಖ್ಯೆ ಹಿಡಿದು ಮತ್ತೆ ಮತ್ತೆ ವಿಚಾರಿಸಿದಾಗ ತಿಳಿಯುತ್ತದೆ. ಉತ್ತರ ಬಂತೆಂದು ಆಗಲೇ ಹಸಿರು ಬಣ್ಣ ತೋರಿಸಿದರೆ ಬಳಸುವವರಿಗೆ ಸುಳ್ಳು ಹೇಳಿದಂತೆ.

ಈ ವ್ಯವಸ್ಥೆಯಲ್ಲಿ ಮಲೆನಾಡಿಗೆಂದೇ ಮಾಡಿದ ಭಾಗವೊಂದಿದೆ, ನನಗೆ ಅದರ ಮೇಲೆ ವಿಶೇಷ ಅಕ್ಕರೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಗಾಳಿ ಬಂತೆಂದರೆ ಮರ ತಂತಿಯ ಮೇಲೆ. ಲೈನ್‌ಮ್ಯಾನ್‌ಗಳು ಸುರಿಯುವ ಮಳೆಯಲ್ಲಿ, ಜಿಗಣೆಗಳ ನಡುವೆ, ಕಾಡೊಳಗೆ ಲೈನ್ ಹುಡುಕಿಕೊಂಡು ನಡೆಯುವುದನ್ನು ನೋಡಿದವರು ಕರೆಂಟು ತಡವಾಯಿತೆಂದು ದೂರುವುದಿಲ್ಲ. ಅಷ್ಟು ಹೊತ್ತೂ ಯುಪಿಎಸ್ ತಡೆಯಬೇಕು. ನಾನೇ ಮಷೀನ್ ಆನ್ ಮಾಡುವಾಗ ತಲೆಯ ಮೇಲಿನ ಫ್ಯಾನು ನಿಂತದ್ದು ಕಾಣುತ್ತಿತ್ತು. ಶಿವಮೊಗ್ಗದಲ್ಲಿ ಕುಳಿತ ತಮ್ಮನಿಗೆ ನಮ್ಮಲ್ಲಿ ಕರೆಂಟು ಹೋದದ್ದು ತಿಳಿಯುವುದಾದರೂ ಹೇಗೆ?

ಪ್ರಾಕ್ಸ್‌ಮಾಕ್ಸ್‌ನಲ್ಲಿ ಹುಕ್‌ಸ್ಕ್ರಿಪ್ಟ್ ಎಂಬ ಸೌಲಭ್ಯವಿದೆ. ಮಷೀನ್ ಆರಂಭವಾಗುವ ಮುಂಚೆ, ಆರಂಭವಾದ ಮೇಲೆ, ನಿಲ್ಲುವ ಮುಂಚೆ, ನಿಂತ ಮೇಲೆ, ಈ ನಾಲ್ಕು ಹಂತಗಳಲ್ಲಿ ನಾವು ಬರೆದ ಸ್ಕ್ರಿಪ್ಟನ್ನು ಅದು ಕರೆಯುತ್ತದೆ, ಮಷೀನಿನ ಸಂಖ್ಯೆಯನ್ನೂ ಹಂತದ ಹೆಸರನ್ನೂ ಕೊಡುತ್ತದೆ. ಮೊದಲ ಹಂತದಲ್ಲಿ ಸ್ಕ್ರಿಪ್ಟ್ ಸೊನ್ನೆಯಲ್ಲದ ಸಂಕೇತ ಕೊಟ್ಟು ಮುಗಿದರೆ ಮಷೀನ್ ಏಳುವುದಿಲ್ಲ. ನನ್ನ ಸ್ಕ್ರಿಪ್ಟ್ ಎರಡೇ ಪ್ರಶ್ನೆ ಕೇಳುತ್ತದೆ. ಒಂದು ಯುಪಿಎಸ್‌ಗೆ: ಕರೆಂಟಿನಲ್ಲಿದ್ದೀಯೋ, ಬ್ಯಾಟರಿಯಲ್ಲೋ? ಯುಎಸ್‌ಬಿ ತಂತಿಯಲ್ಲಿ ಯುಪಿಎಸ್ ಹೇಳುವುದನ್ನು ನಟ್ ಎಂಬ ತಂತ್ರಾಂಶ ಓದಿಕೊಡುತ್ತದೆ. ಇನ್ನೊಂದು ಕರ್ನಲ್‌ಗೆ: ಈ ಮಷೀನಿಗೆ ಬೇಕಾದಷ್ಟು ರ‍್ಯಾಮ್ ಉಳಿದಿದೆಯೇ? ಎರಡನೆಯದೂ ಅಷ್ಟೇ ಮುಖ್ಯ. ರ‍್ಯಾಮ್ ತೀರಿದರೆ ಜಾಗ ಮಾಡಲು ಕರ್ನಲ್ ಯಾವುದಾದರೊಂದು ದೊಡ್ಡ ಪ್ರಕ್ರಿಯೆಯನ್ನು ಕೊಲ್ಲುತ್ತದೆ, ಅದು ಬೇರೊಬ್ಬರ ನಡೆಯುತ್ತಿರುವ ಮಷೀನೇ ಆಗಬಹುದು. ಒಬ್ಬರಿಗೆ ಕೊಟ್ಟ ಸ್ವಿಚ್ಚು ಇನ್ನೊಬ್ಬರ ಕೆಲಸ ಕೆಡಿಸಕೂಡದು.

ತಡೆದರೆ ಸಾಲದು, ಕಾರಣವನ್ನೂ ಹೇಳಬೇಕು. ಸ್ಕ್ರಿಪ್ಟ್ ದಾಖಲೆಯಲ್ಲಿ ಒಂದು ಸಾಲು ಬರೆದಿಡುತ್ತದೆ, ಪುಟ ಅದನ್ನು ಓದಿ ಕನ್ನಡದಲ್ಲಿ ತೋರಿಸುತ್ತದೆ: “ಊರಲ್ಲಿ ಕರೆಂಟಿಲ್ಲ, ಬ್ಯಾಟರಿ ಮೇಲಿದ್ದೇವೆ. ಕರೆಂಟು ಬಂದ ಮೇಲೆ ಮತ್ತೆ ಒತ್ತಿ.” ಅಥವಾ: “ಈಗ ಜಾಗವಿಲ್ಲ, ಬೇರೆ ಮಷೀನುಗಳು ನಡೆಯುತ್ತಿವೆ.” ಈಗ ಮಳೆಗಾಲದಲ್ಲಿ ತಮ್ಮ ಪುಟ ನೋಡಿಕೊಂಡು “ಏನಕ್ಕಾ, ನಿಮ್ಮಲ್ಲಿ ಜೋರು ಗಾಳಿಯೇ?” ಎಂದು ಅವನೇ ಫೋನ್ ಮಾಡುತ್ತಾನೆ.

ಬ್ಯಾಟರಿ ತೀರುತ್ತಾ ಬಂದಾಗ ನಟ್ ಎಲ್ಲ ಮಷೀನುಗಳನ್ನೂ ಕ್ರಮವಾಗಿ ಇಳಿಸಿ ಸರ್ವರನ್ನು ಆರಿಸುತ್ತದೆ. ಕರೆಂಟು ಬಂದಾಗ ತಾನಾಗಿ ಏಳಲು, ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಇದೆ. ಆದರೆ ಸರ್ವರ್ ಇಳಿಯುತ್ತಿರುವ ಆ ಒಂದೆರಡು ನಿಮಿಷದಲ್ಲೇ ಕರೆಂಟು ಬಂದುಬಿಟ್ಟರೆ, ಯುಪಿಎಸ್‌ನಿಂದ ಕಂಪ್ಯೂಟರಿಗೆ ವಿದ್ಯುತ್ ಕಡಿತವಾಗಿಯೇ ಇರುವುದಿಲ್ಲ. ಬಯಾಸ್ ‘ಕರೆಂಟು ಮರಳಿತು’ ಎಂಬುದನ್ನು ಕಾಣುವುದೇ ಇಲ್ಲ, ಸರ್ವರ್ ಆರಿಯೇ ಇರುತ್ತದೆ. ಇದಕ್ಕಾಗಿ, ಕೊನೆಯ ಹಂತದಲ್ಲಿ ಯುಪಿಎಸ್ ತನ್ನ ಹೊರಹರಿವನ್ನೂ ಒಮ್ಮೆ ಕಡಿದು ಮತ್ತೆ ಕೊಡುವಂತೆ ನಟ್‌ನಿಂದ ಆಜ್ಞೆ ಕಳುಹಿಸಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಬೇರೆಯವರು ಸರ್ವರನ್ನು ನಂಬಿಕೊಂಡಿರುವುದಾದರೆ ಈ ಆಜ್ಞೆಯನ್ನು ಬಿಡುವಂತಿಲ್ಲ. ಎದ್ದ ಮೇಲೆ ಮನೆಯ ಅಗತ್ಯದ ಮಷೀನುಗಳು ತಾವಾಗಿ ಏಳುತ್ತವೆ, ಉಳಿದವು ಅವರವರ ಗುಂಡಿಗಾಗಿ ಕಾಯುತ್ತವೆ. ಆರಿಸಲು ಮರೆತವನ್ನು ಬೆಳಗಿನ ಜಾವ ಐದಕ್ಕೆ ಒಂದು ಟೈಮರ್ ಶಟ್‌ಡೌನ್ ಮಾಡುತ್ತದೆ.

ಸರ್ವರ್‌ನ ಒಡತಿಯಾಗಿ ನಾನು ಬಯಸಿದರೆ ಯಾರ ಡಿಸ್ಕನ್ನಾದರೂ ಓದಬಲ್ಲೆ. ಇದನ್ನು ಮೂವರಿಗೂ ಮೊದಲೇ ಬಿಡಿಸಿ ಹೇಳಿದ್ದೇನೆ, ಹೇಳದೆ ಇಟ್ಟುಕೊಳ್ಳುವುದು ತರವಲ್ಲ. ಅಕ್ಕನ ಮಗನಿಗೆ ಅವನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಕೊಳ್ಳುವುದನ್ನು ಕಲಿಸಿದೆ. ಪ್ರತಿ ಸಲ ಮಷೀನ್ ಎದ್ದಾಗ ಕನ್ಸೋಲಿನಲ್ಲಿ ಅವನೇ ಗುಪ್ತಪದ ಕೊಡುತ್ತಾನೆ. ಮುಯ್ಯಾಳಿನ ಲೆಕ್ಕದಲ್ಲಿ ಅವನು ನನ್ನ ಬ್ಯಾಕಪ್‌ನ ಒಂದು ಪ್ರತಿಯನ್ನು ತನ್ನ ರೂಮಿನ ಹಾರ್ಡ್‌ಡಿಸ್ಕಿನಲ್ಲಿ ಕಾಯುತ್ತಿದ್ದಾನೆ. ತಮ್ಮ ನಮ್ಮ ಊರಿನ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಕಾಸು ಪಡೆಯದೆ ಅಚ್ಚು ಹಾಕಿಕೊಡುತ್ತಾನೆ.

ಕಳೆದ ವಾರ ತಮ್ಮ ಹೊಸದೊಂದು ಬೇಡಿಕೆ ಇಟ್ಟ. ಅಂಗಡಿಗೆ ಟೈಪಿಂಗ್‌ಗೆ ಬರುವ ಹುಡುಗಿಯೂ ಹಳೆಯ ಕಡತಗಳನ್ನು ತೆಗೆಯಬೇಕಾಗುತ್ತದೆ, ತನ್ನ ಪಾಸ್‌ವರ್ಡನ್ನೇ ಅವಳಿಗೆ ಕೊಡಲೇ ಎಂದು ಕೇಳಿದ. ಕೊಡಬೇಡ ಎಂದು ಹೇಳಿ ಅವಳ ಹೆಸರಿನಲ್ಲೇ ಖಾತೆ, ಅವಳ ಫೋನಿಗೇ ಕೀ, ಅವಳದೇ ಟೋಕನ್ ಮಾಡಿಕೊಟ್ಟೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಖಾತೆಗೆ ಮುಕ್ತಾಯದ ದಿನಾಂಕ ಹಾಕಬಹುದು. ಅವಳು ಅಂಗಡಿಗೆ ಬರುವುದು ಮಾರ್ಚ್‌ವರೆಗೆ, ಆದ್ದರಿಂದ ಮಾರ್ಚ್ 31 ಎಂದು ತುಂಬಿದ್ದೇನೆ. ಸೋಮವಾರ ಬೆಳಿಗ್ಗೆ ದಾಖಲೆ ನೋಡಿದಾಗ ನುಡಿ ಮಷೀನನ್ನು ಚಾಲು ಮಾಡಿದವರ ಜಾಗದಲ್ಲಿ ಅವಳ ಹೆಸರಿತ್ತು.